ಏಳು ಸ್ಟಾಪಿನ ಸತ್ಯ

ನಮ್ಮ ಉಡುಪಿ ಕಡೆಯವರು ಎದುರಿಗಿದ್ದವರ ಮುಖ ನೋಡಿ ‘ಇಲ್ಲ’ ಎಂದು ಹೇಳುವುದಿಲ್ಲ. ‘ನೋಡುವ’ ಎನ್ನುತ್ತಾರೆ, ‘ಬರ್ತದೆ’ ಎನ್ನುತ್ತಾರೆ, ‘ಆಗಬಹುದು’ ಎನ್ನುತ್ತಾರೆ. ಹೀಗೆ ಹೇಳುವವರು ಇರುವ ತನಕ ಈ ಕೆಳಗೆ ಬರೆದಂಥ ಸಂಗತಿಗಳೂ ನಡೆಯುತ್ತಲೇ ಇರುತ್ತವೆ.

ಮೊದಲೇ ಒಂದು ಮಾತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಇಷ್ಟರವರೆಗೆ ಬರೆದದ್ದೆಲ್ಲ ಪ್ರಯೋಗದ ಪುಸ್ತಕದಲ್ಲಿ: ಉದ್ದೇಶ, ಉಪಕರಣ, ವಿಧಾನ, ಫಲಿತಾಂಶ. ಇಂಥದ್ದನ್ನು ಬರೆಯುವುದು ಇದೇ ಮೊದಲು. ಎಲ್ಲಿಯಾದರೂ ವಿವರಣೆ ಹೆಚ್ಚಾಯಿತು ಅನ್ನಿಸಿದರೆ ಕ್ಷಮಿಸಬೇಕು. ವಿವರಣೆ ಕಡಿಮೆಯಾಗಿ ಗಾಜಿನ ನಳಿಗೆ ಒಡೆದದ್ದನ್ನು ನಾನು ಬಹಳ ಸಲ ನೋಡಿದ್ದೇನೆ. ಇದರಲ್ಲಿ ಬರುವವರು ಹೆಚ್ಚಿನವರು ದಿನಾ ದಾರಿಯಲ್ಲಿ ಸಿಗುವವರಾದ್ದರಿಂದ ಯಾರ ಹೆಸರನ್ನೂ ಬರೆದಿಲ್ಲ. ಮನೆಯೊಳಗೆ ನಾವು ಆಡಿದ್ದು ತುಳು. ಇಲ್ಲಿ ಕನ್ನಡ ಮಾಡಿದ್ದೇನೆ.

೧. ಕರಿಹಲಗೆಯ ಮೇಲೆ ಬಸ್ಸು

ಐವತ್ತರ ದಶಕದ ನಡುವೆ ನಾನು ಹೆಬ್ರಿಯಿಂದ ಉಡುಪಿಗೆ ಬಂದು ಕೆಲಸಕ್ಕೆ ಸೇರಿದೆ. ಉಳಿಯಲು ಜಾಗ ಇರಲಿಲ್ಲ. ಅದೇ ಶಾಲೆಯ ಗಣಿತದ ಮಾಸ್ಟ್ರು ಕಡಿಯಾಳಿಯ ತಮ್ಮ ಮನೆಯಲ್ಲಿ ಎದುರಿನ ಕೋಣೆ ಬಿಟ್ಟುಕೊಟ್ಟರು. ಮನೆಯಲ್ಲಿ ಅವರು, ಅವರ ತಾಯಿ, ಇಬ್ಬರೇ. ಮಾಸ್ಟ್ರಿಗೆ ಮದುವೆಯಾಗಿರಲಿಲ್ಲ. ಸಂಸಾರಕ್ಕೆ ಹೋಗಬೇಕಾದ ಹೊತ್ತನ್ನೆಲ್ಲ ಅವರು ಒಂದು ಭಾಷೆ ಕಟ್ಟುವುದಕ್ಕೆ ಹಾಕಿದ್ದರು.

ಭಾಷೆ ಕಟ್ಟುವುದು ಎಂದರೆ ಇದ್ದ ಭಾಷೆಯನ್ನು ಕಲಿಯುವುದಲ್ಲ. ಯಾರೂ ಆಡದ ಹೊಸದೊಂದನ್ನು ಕುಳಿತು ಮಾಡುವುದು. ಅದಕ್ಕೆ ಅವರಿಟ್ಟ ಹೆಸರು ನೇರನುಡಿ. ನಾಲ್ಕು ದಪ್ಪ ನೋಟುಬುಕ್ಕು ತುಂಬ ಅದರ ಶಬ್ದಗಳಿದ್ದವು. ಮುಖ್ಯ ನಿಯಮ ಒಂದೇ: ಏನು ಹೇಳಿದರೂ ಅದು ಎಷ್ಟು ನಿಜ ಎಂದು ಕೊನೆಯಲ್ಲಿ ಹೇಳಲೇಬೇಕು. ‘ಮಳೆ ಬರುತ್ತದೆ’ ಎಂದು ಹೇಳಿ ಒಳಗೆ ಹೋಗುವ ಹಾಗಿಲ್ಲ. ಪೂರ್ತಿ ನಿಜವೋ, ಮುಕ್ಕಾಲೋ, ಅರ್ಧವೋ, ಶುದ್ಧ ಸುಳ್ಳೋ, ಮಾತಿಗೊಂದು ಬಾಲ ಸೇರಿಸಬೇಕು. ಅಂಥ ಬಾಲಗಳು ಒಟ್ಟು ಏಳು.

ಒಂದು ದಿನ ದೊಡ್ಡ ಕ್ಲಾಸಿನಲ್ಲಿ ಇದನ್ನು ವಿವರಿಸಲು ಹೋಗಿ, ಮಕ್ಕಳಿಗೆ ಅರ್ಥವಾಗದೆ, ಮಾಸ್ಟ್ರು ಕರಿಹಲಗೆಯ ಮೇಲೆ ಒಂದು ಬಸ್ಸಿನ ಚಿತ್ರ ಬಿಡಿಸಿದರು. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸು. ಉಡುಪಿ ಎಂದರೆ ಪೂರ್ತಿ ನಿಜ. ಮಣಿಪಾಲ ಎಂದರೆ ಹೆಚ್ಚು ಕಡಿಮೆ ನಿಜ. ಪರ್ಕಳ ಎಂದರೆ ಮುಕ್ಕಾಲು ನಿಜ. ಅತ್ರಾಡಿ ಅರ್ಧಕ್ಕರ್ಧ. ಹಿರಿಯಡ್ಕದಲ್ಲಿ ನಿಜ ಕಡಿಮೆಯಾಯಿತು. ಬೈಲೂರಿನಲ್ಲಿ ಹೆಸರಿಗೆ ಮಾತ್ರ ಉಳಿಯಿತು. ಕಾರ್ಕಳ ಎಂದರೆ ಇಲ್ಲವೇ ಇಲ್ಲ. ನೇರನುಡಿಯ ಏಳು ಬಾಲಗಳನ್ನು ಮಕ್ಕಳು ಒಂದು ವಾರದಲ್ಲಿ ಮರೆತರು. ಏಳು ಸ್ಟಾಪುಗಳನ್ನು ಮಾತ್ರ ಯಾರೂ ಮರೆಯಲಿಲ್ಲ.

ತೊಂದರೆ ಏನಾಯಿತೆಂದರೆ, ನಮ್ಮ ಹೆಡ್ ಮಾಸ್ಟ್ರು ಕಾರ್ಕಳದವರು. ಆ ಹೊತ್ತಿಗೆ ಜಗಲಿಯಲ್ಲಿ ನಡೆದು ಹೋಗುತ್ತಿದ್ದವರು ಬಾಗಿಲಲ್ಲೇ ನಿಂತರು.

“ಏನು ಮಾಸ್ಟ್ರೇ, ನಮ್ಮ ಊರಿನವರೆಲ್ಲ ಸುಳ್ಳರಾ?”

ಮಾಸ್ಟ್ರು ಸೀಮೆಸುಣ್ಣ ಕೆಳಗಿಟ್ಟು ಕೈಮುಗಿದರು. “ಸುಳ್ಳಲ್ಲ ಸರ್, ‘ಇಲ್ಲ’. ನಿಮ್ಮ ಊರಿನ ಬಂಡೆಯ ಮೇಲೆ ಗೋಮಟಸ್ವಾಮಿ ನಿಂತಿದ್ದಾರೆ. ರಾಜ್ಯವೂ ಬೇಡ, ಬಟ್ಟೆಯೂ ಬೇಡ ಎಂದವರು. ಅಷ್ಟು ದೊಡ್ಡ ‘ಇಲ್ಲ’ ಉಡುಪಿಯಲ್ಲಿ ಎಲ್ಲುಂಟು? ಅದಕ್ಕೇ ಆ ಸ್ಥಾನ ಕಾರ್ಕಳಕ್ಕೆ ಕೊಟ್ಟದ್ದು.”

ಹೆಡ್ ಮಾಸ್ಟ್ರು ಸ್ವಲ್ಪ ಹೊತ್ತು ಯೋಚಿಸಿ ತಮ್ಮ ಕೋಣೆಗೆ ಹೋದರು. ಮಧ್ಯಾಹ್ನ ಡ್ರಿಲ್ ಮಾಸ್ಟ್ರು ರಜೆ ಕೇಳಲು ಹೋದಾಗ ಅರ್ಜಿಯನ್ನು ಪೂರ್ತಿ ಓದಿ, ಎದೆಯುಬ್ಬಿಸಿ, ಒಂದೇ ಮಾತು ಹೇಳಿದರಂತೆ: “ನಮ್ಮೂರು.”

೨. ಎರಡು ಪ್ಲೇಟು ಪರ್ಕಳ

ಶನಿವಾರ ಮಧ್ಯಾಹ್ನ ನಾವಿಬ್ಬರೂ ಮಣಿಪಾಲದ ಗುಡ್ಡೆಗೆ ಹೋಗುತ್ತಿದ್ದೆವು. ಹೋಗುವಾಗ ಬಸ್ಸು, ಬರುವಾಗ ನಡಿಗೆ. ಹೋಗುವಾಗ ಪೂರ್ತಿ ಏರು, ಬರುವಾಗ ಪೂರ್ತಿ ಇಳಿಜಾರು ಎಂಬುದೇ ಇದಕ್ಕೆ ಕಾರಣ. (ಈ ಏರು ಇಳಿಜಾರಿನ ವಿಷಯವನ್ನು ಓದುವವರು ನೆನಪಿನಲ್ಲಿಡಬೇಕು. ಮುಂದೆ ಬೇಕಾಗುತ್ತದೆ.)

ಮೇಲೆ ಒಂದು ಸಣ್ಣ ಹೋಟೆಲು ಇತ್ತು. ಅಲ್ಲಿನ ಸಪ್ಲೈಯರ್ ನಲವತ್ತು ದಾಟಿದವರು, ಬಹಳ ಚುರುಕು. ಆದರೆ ಏನು ಕೇಳಿದರೂ ‘ಬರ್ತದೆ’ ಎನ್ನುತ್ತಿದ್ದರು. ಗೋಳಿಬಜೆ ಉಂಟಾ? ಬರ್ತದೆ. ಬನ್ಸ್? ಬರ್ತದೆ. ಕೆಲವು ಬರುತ್ತಿದ್ದವು, ಕೆಲವು ನಾವು ಎದ್ದು ಹೋಗುವ ತನಕವೂ ಬರುತ್ತಲೇ ಇದ್ದವು. ಮಾಸ್ಟ್ರು ಒಂದು ದಿನ ಅವರನ್ನು ಹತ್ತಿರ ಕರೆದು ಏಳು ಸ್ಟಾಪಿನ ಪಾಠ ಮಾಡಿದರು.

“ಇಷ್ಟೇ ಅಲ್ವಾ?” ಎಂದರು ಅವರು. ಮುಂದಿನ ಶನಿವಾರ ನಾವು ಕುಳಿತದ್ದೇ ತಡ, “ಗೋಳಿಬಜೆ ಉಡುಪಿ, ಬನ್ಸ್ ಪರ್ಕಳ, ಶೀರಾ ಕಾರ್ಕಳ!” ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಅಂದರೆ ಗೋಳಿಬಜೆ ಎದುರಿಗೇ ಉಂಟು, ಬನ್ಸ್ ಎಣ್ಣೆಯಲ್ಲಿ ಉಂಟು, ಶೀರಾ ಮುಗಿದಿದೆ. ಮಾಸ್ಟ್ರ ಕಣ್ಣಿನಲ್ಲಿ ನೀರು ಬರುವುದೊಂದು ಬಾಕಿ. ಅವರ ಭಾಷೆ ಶಾಲೆಯಿಂದ ಹೊರಗೆ ಬಂದದ್ದು ಅದೇ ಮೊದಲು.

ಪಕ್ಕದ ಮೇಜಿನಲ್ಲಿ ದೂರದ ಊರಿನವರು ಯಾರೋ ಇಬ್ಬರು ಕುಳಿತಿದ್ದರು. ಇದನ್ನು ಕೇಳಿ ಅವರಲ್ಲೊಬ್ಬರು, “ಇಲ್ಲಿನ ವಿಶೇಷ ಅಂತ ಕಾಣುತ್ತದೆ. ನಮಗೂ ಎರಡು ಪ್ಲೇಟು ಪರ್ಕಳ ಕೊಡಿ” ಎಂದರು.

ಸಪ್ಲೈಯರ್ ಸ್ವಲ್ಪವೂ ನಗಲಿಲ್ಲ. ಅಡುಗೆ ಕೋಣೆಯ ಕಡೆ ಇಣುಕಿ ನೋಡಿ ಬಂದು ಹೇಳಿದರು: “ಪರ್ಕಳ ಆಗುವಾಗ ಸ್ವಲ್ಪ ತಡ ಉಂಟು ಸ್ವಾಮೀ. ಅತ್ರಾಡಿ ಈಗಲೇ ಕೊಡಬಹುದು. ಆದರೆ ಅರ್ಧವೇ ಬೆಂದದ್ದು.”

೩. ಅಕ್ಕಿ ಎಲ್ಲಿಗೆ ಹೋಯಿತು

ಮಾಸ್ಟ್ರ ತಾಯಿಯನ್ನು ನಾನೂ ಅಮ್ಮ ಎಂದೇ ಕರೆಯುತ್ತಿದ್ದೆ. ಮಗನ ಭಾಷೆಯಲ್ಲಿ ಅವರಿಗೆ ಹಿಡಿಸಿದ್ದು ಒಂದೇ ಸಂಗತಿ: ‘ಅಲ್ಲ’ ಎಂಬುದಕ್ಕೆ ನೇರನುಡಿಯಲ್ಲಿ ಮೂರು ಶಬ್ದಗಳಿದ್ದವು. ಸಾರು ‘ಖಾರ ಅಲ್ಲ’ ಎಂದರೆ ಏನು? ಖಾರ ಎಂದದ್ದು ತಪ್ಪು, ಅಷ್ಟೇ ಎಂಬುದಕ್ಕೆ ಒಂದು ಶಬ್ದ. ಖಾರ ಬಿಟ್ಟು ಬೇರೆ ಏನೋ ಮುಂದೆ ಬಂದಿದೆ, ಉಪ್ಪೋ ಹುಳಿಯೋ, ಎಂಬುದಕ್ಕೆ ಇನ್ನೊಂದು. ಖಾರಕ್ಕೆ ತೀರಾ ತಿರುಗಿ ನಿಂತಿದೆ, ಪಾಯಸದ ಹಾಗಾಗಿದೆ, ಎಂಬುದಕ್ಕೆ ಮತ್ತೊಂದು.

“ಇದು ಉಪಯೋಗದ್ದು” ಎಂದರು ಅಮ್ಮ. “ಉಣ್ಣುವವರು ಮೂಗು ಮುರಿದರೆ ನಾನು ಮೆಣಸು ಹಾಕಬೇಕಾ, ಬೆಲ್ಲ ತೆಗೆಯಬೇಕಾ ಅಂತ ಗೊತ್ತಾಗಬೇಕಲ್ಲ.”

ಆದರೆ ಅಕ್ಕಿಯ ವಿಷಯದಲ್ಲಿ ಜಗಳವಾಯಿತು. ಇಲ್ಲಿ ಒಂದು ಕ್ರಮವನ್ನು ತಿಳಿಸಬೇಕು. ನಮ್ಮ ಮನೆಗಳಲ್ಲಿ ಅಕ್ಕಿ, ಉಪ್ಪು, ಅರಸಿನ ಮುಗಿದರೆ ‘ಇಲ್ಲ’ ಎನ್ನಬಾರದು. ಹಾಗೆ ಹೇಳಿದರೆ ಅದು ನಿಜವಾಗಿಯೂ ಇಲ್ಲದೇ ಹೋಗುತ್ತದೆ ಎಂದು ನಂಬಿಕೆ. ‘ಹೆಚ್ಚಾಗಿದೆ’ ಎನ್ನಬೇಕು. ಡಬ್ಬಿ ಬರಿದಾದಷ್ಟೂ ಹೆಚ್ಚಾಗಿದೆ ಎಂದು ಅರ್ಥ. ಒಂದು ಬೆಳಿಗ್ಗೆ ಅಮ್ಮ, “ಮಗಾ, ಅಕ್ಕಿ ಹೆಚ್ಚಾಗಿದೆ” ಎಂದರು.

ಮಾಸ್ಟ್ರು ಪೆನ್ನು ಕೆಳಗಿಟ್ಟರು. “ಅಮ್ಮ, ಇಷ್ಟು ವರ್ಷದಿಂದ ನಾನು ಎಂತ ಹೇಳುತ್ತಾ ಇದ್ದೇನೆ? ಅಕ್ಕಿ ಉಂಟಾ, ಇಲ್ಲವಾ?”

“ಹೆಚ್ಚಾಗಿದೆ.”

“ಅದು ಉಡುಪಿಯಾ, ಕಾರ್ಕಳವಾ?”

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಸ್ವಲ್ಪ ಯೋಚಿಸಿದರು. ಮಗನ ಮನಸ್ಸು ನೋಯಬಾರದು, ಅನ್ನಪೂರ್ಣೆಯ ಮನಸ್ಸೂ ನೋಯಬಾರದು. “ಅಕ್ಕಿ ಕಾರ್ಕಳಕ್ಕೆ ಹೋಗಿದೆ ಮಗಾ” ಎಂದರು. “ಈಗಿನ ಬಸ್ಸಿಗೆ ವಾಪಸು ಬರ್ತದೆ. ನೀನು ಚೀಲ ಹಿಡಿದುಕೊಂಡು ಹೋಗಿ ಕರೆದುಕೊಂಡು ಬಾ.”

೪. ಕಾಪು ಯಾವ ದಾರಿಯಲ್ಲಿ ಉಂಟು

ಮಾಸ್ಟ್ರ ಅಕ್ಕನನ್ನು ಕಾಪುವಿಗೆ ಕೊಟ್ಟಿದ್ದರು. ಭಾವನಿಗೆ ಅಲ್ಲಿ ಬಟ್ಟೆ ಅಂಗಡಿ. ಅವರ ಮಗಳು ಅಲ್ಲೇ ಪ್ರಾಥಮಿಕ ಶಾಲೆಯಲ್ಲಿ ಟೀಚರು. ನೇರನುಡಿಯನ್ನು ಪೂರ್ತಿ ಕಲಿತವರು ಈ ಲೋಕದಲ್ಲಿ ಇಬ್ಬರೇ, ಮಾಸ್ಟ್ರು ಮತ್ತು ಈ ಸೊಸೆ. (ನಮ್ಮಲ್ಲಿ ಅಕ್ಕನ ಮಗಳನ್ನು ಸೊಸೆ ಎನ್ನುತ್ತೇವೆ.) ಆದಿತ್ಯವಾರ ಅಜ್ಜಿಯನ್ನು ನೋಡಲು ಕಡಿಯಾಳಿಗೆ ಬಂದರೆ ಊಟದ ಹೊತ್ತಿಗೆ ಮಾವನ ಜೊತೆ ವಾದ ಶುರು.

“ಮಾವ, ‘ನನಗೆ ಗೊತ್ತಿಲ್ಲ’ ಎನ್ನುವುದು ಯಾವ ಸ್ಟಾಪು?”

“ಅತ್ರಾಡಿ. ಮಧ್ಯದಲ್ಲಿ.”

“ಅರ್ಧ ನಿಜ ಅಂತ ಹೇಳಬೇಕಾದರೂ ವಿಷಯ ಗೊತ್ತಿರಬೇಕಲ್ಲ? ಏನೂ ಗೊತ್ತಿಲ್ಲದವಳು ಅತ್ರಾಡಿಗೆ ಹೇಗೆ ಬರುತ್ತಾಳೆ? ಅವಳು ಆ ಬಸ್ಸಿಗೇ ಹತ್ತಿಲ್ಲ.”

“ಮತ್ತೆ ಎಲ್ಲಿದ್ದಾಳೆ?”

“ಕಾಪುವಿನಲ್ಲಿದ್ದಾಳೆ. ಬೇರೆ ದಾರಿ. ಕಾಪುವಿನಲ್ಲಿ ನಿಂತವಳನ್ನು ಮಣಿಪಾಲ ಬಂತಾ, ಬೈಲೂರು ಬಂತಾ ಅಂತ ಕೇಳಿದರೆ ಎಂತ ಹೇಳುವುದು?”

ಮಾಸ್ಟ್ರು ಅನ್ನ ಕಲಸುವುದನ್ನು ನಿಲ್ಲಿಸಿದರು. ಅವರ ನಾಲ್ಕು ನೋಟುಬುಕ್ಕಿನಲ್ಲಿ ಎಲ್ಲಿಯೂ ಈ ಮಾತು ಇರಲಿಲ್ಲ. ಎಡಗೈಯಲ್ಲಿ ಪೆನ್ಸಿಲ್ ಹುಡುಕಿ, ಬಾಳೆ ಎಲೆಯ ಪಕ್ಕ ನೆಲದ ಮೇಲೆಯೇ ‘ಕಾಪು’ ಎಂದು ಬರೆದುಕೊಂಡರು.

ನಾನು ಎದುರಿನ ಸಾಲಿನಲ್ಲಿ ಕುಳಿತಿದ್ದೆ. ಇಷ್ಟು ಸರಿಯಾಗಿ ‘ಗೊತ್ತಿಲ್ಲ’ ಎಂದು ಹೇಳಬಲ್ಲವರನ್ನು ನಾನು ಅಷ್ಟರವರೆಗೆ ನೋಡಿರಲಿಲ್ಲ. ನೋಡುತ್ತಾ ಇದ್ದುಬಿಟ್ಟೆ. ಅವಳು ಮಜ್ಜಿಗೆ ಹಿಡಿದು ಬಂದು, “ಬೇಕಾ?” ಎಂದಳು.

“ಉಡುಪಿ” ಎಂದೆ. ಧ್ವನಿ ಸ್ವಲ್ಪ ದೊಡ್ಡದಾಯಿತು.

ಅವಳು ಸೌಟನ್ನು ಅರ್ಧದಲ್ಲೇ ಹಿಡಿದಳು. “ಮಜ್ಜಿಗೆಗೆ ಅಷ್ಟು ಬೇಡ. ಮಣಿಪಾಲ ಸಾಕು.”

೫. ಪೋಸ್ಟ್ ಕಾರ್ಡಿನಲ್ಲಿ ಗೊರಕೆ

ನನ್ನ ಮನಸ್ಸಿನಲ್ಲಿದ್ದದ್ದನ್ನು ಮಾಸ್ಟ್ರಿಗೆ ಹೇಳಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಅಷ್ಟರಲ್ಲಿ ಅವಳಿಗೆ ಬೊಂಬಾಯಿಯಿಂದ ಬೇರೊಂದು ಸಂಬಂಧ ಬಂದಿತ್ತು; ಹೋಟೆಲಿನವರು, ಒಳ್ಳೆಯವರು. ದಸರೆಯೊಳಗೆ ಉತ್ತರ ಹೇಳುತ್ತೇನೆ ಎಂದು ಹುಡುಗಿಯ ತಂದೆ ಅವರಿಗೆ ಮಾತು ಕೊಟ್ಟಿದ್ದರು. ನನಗೆ ಉಳಿದದ್ದು ಐದು ವಾರ.

ಮಾಸ್ಟ್ರು ನನ್ನ ಮಾತು ಕೇಳಿ ನೋಟುಬುಕ್ಕು ಮುಚ್ಚಿಟ್ಟರು. ಆಮೇಲೆ ಹೇಳಿದರು: “ನನ್ನ ಅಕ್ಕನ ಮದುವೆಯ ಮಾತಿನ ದಿನ ಯಾರೋ ಅವಳನ್ನು ಕೇಳಿದರು. ಅವಳು ಬಾಯಿ ಬಿಡಲಿಲ್ಲ. ಮೌನ ಎಂದರೆ ಒಪ್ಪಿಗೆ ಎಂದು ಎಲ್ಲರೂ ಹೋಳಿಗೆ ತಿಂದರು. ಭಾವ ದೇವರಂಥ ಮನುಷ್ಯ, ಅದಲ್ಲ. ಆದರೆ ಆ ಮೌನ ಯಾವ ಸ್ಟಾಪು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಈ ಭಾಷೆ ಶುರು ಮಾಡಿದ್ದೇ ಅದರಿಂದ. ಸೊಸೆಯ ವಿಷಯದಲ್ಲಿ ನನಗೆ ಮೌನವೂ ಬೇಡ, ಅರ್ಧಂಬರ್ಧವೂ ಬೇಡ. ಉಡುಪಿ ಎಂದು ಅವಳ ಬಾಯಿಯಿಂದಲೇ ಬರಬೇಕು.”

ಕಾಪುವಿಗೆ ಬರೆದು ಸೊಸೆಯನ್ನೇ ಕೇಳಿದರು. ಮೂರನೇ ದಿನ ಕಾರ್ಡು ಬಂತು. ಒಂದೇ ಶಬ್ದ: ಕಾಪು.

ನಾನು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, ಇದು ‘ಬೇಡ’ ಎಂದೇ ಅಂದುಕೊಂಡೆ. ಮಾಸ್ಟ್ರು ಮಾತ್ರ ಖುಷಿಯಲ್ಲಿದ್ದರು. “ಬೇಡ ಎನ್ನಲಿಲ್ಲ ಮಾರಾಯ್ರೇ! ನಿಮ್ಮನ್ನು ಗೊತ್ತಿಲ್ಲ ಎಂದಿದ್ದಾಳೆ. ಗೊತ್ತು ಮಾಡಿಸಿ. ನಿಮ್ಮ ವಿಷಯ ಬರೆಯಿರಿ, ಪ್ರತಿ ಮಾತಿಗೂ ಸ್ಟಾಪು ಹಾಕಿ. ಕವರಿನಲ್ಲಿ ಬೇಡ. ಕವರು ಅಂಟಿಸಿದರೆ ಒಳಗೆ ಸುಳ್ಳು ಸೇರುತ್ತದೆ. ಕಾರ್ಡಿನಲ್ಲಿ ಬರೆಯಿರಿ.”

ಪೋಸ್ಟು ಬರುವುದು ಅಂಗಡಿಗೆ. ಅಂದರೆ ಅವಳಿಗಿಂತ ಮೊದಲು ಅವಳ ತಂದೆ, ಅವರ ಗುಮಾಸ್ತ, ಆ ಹೊತ್ತಿಗೆ ಪಂಚೆ ಕೊಳ್ಳಲು ಬಂದವರು, ಎಲ್ಲರೂ ಓದುತ್ತಿದ್ದರು. ನಾನು ಬರೆದೆ: ‘ನನಗೆ ಕೋಪ ಬರುವುದಿಲ್ಲ, ಪರ್ಕಳ. ಅಡುಗೆ ಬರುತ್ತದೆ, ಬೈಲೂರು. ಮಕ್ಕಳೆಂದರೆ ಪ್ರೀತಿ, ಉಡುಪಿ.’ ಉತ್ತರ ಬಂತು: ‘ಅತ್ರಾಡಿ.’ ಅಂತೂ ಬಸ್ಸು ಹತ್ತಿದ್ದಳು. ಆ ಧೈರ್ಯದಲ್ಲಿ ಮುಂದಿನ ವಾರ ಬರೆದೆ: ‘ನಾನು ಗೊರಕೆ ಹೊಡೆಯುವುದಿಲ್ಲ, ಹಿರಿಯಡ್ಕ.’ ಅವಳ ಉತ್ತರವೂ ಬಂತು: ‘ಹಿರಿಯಡ್ಕ.’

ಬಸ್ಸು ಹಿಂದೆ ಹೋಗುತ್ತಿತ್ತು! ಆ ದಿನ ನನಗೆ ಊಟ ಸೇರಲಿಲ್ಲ. “ಗೊರಕೆಯ ವಿಷಯ ಯಾಕೆ ಬರೆದಿರಿ?” ಎಂದು ಮಾಸ್ಟ್ರೇ ಗದರಿಸಿದರು. “ನಿಜ ಬರೆಯಿರಿ ಎಂದವರು ನೀವೇ ಅಲ್ವಾ?” ಎಂದೆ. ಅವರೂ ಎಲೆ ಬದಿಗೆ ಸರಿಸಿದರು. ನಾವಿಬ್ಬರೂ ಊಟ ಬಿಟ್ಟದ್ದನ್ನು ನೋಡಿ ಅಮ್ಮ, “ಸಾರು ಚೆನ್ನಾಗಿಲ್ಲವಾ?” ಎಂದು ಕೇಳಿದರು. “ಚೆನ್ನಾಗಿದೆ ಅಮ್ಮ” ಎಂದೆ. ಆ ದಿನ ಅವರು ಉಪ್ಪು ಎರಡು ಸಲ ಹಾಕಿದ್ದರು. ಅವರಿಗೆ ಕಣ್ಣು ಮಂಜಾಗಿ ಒಂದು ವರ್ಷವಾಗಿತ್ತು.

ದಸರೆಗೆ ಒಂದು ವಾರವಿತ್ತು. ಇನ್ನು ಕಳೆದುಕೊಳ್ಳಲು ಏನೂ ಇಲ್ಲವೆಂದು ಕೊನೆಯ ಕಾರ್ಡು ಬರೆದೆ: ‘ನಿಮ್ಮ ಅಜ್ಜಿಯ ಸಾರು ಚೆನ್ನಾಗಿದೆ ಎಂದು ಪ್ರತಿದಿನ ಹೇಳುತ್ತೇನೆ. ಕೆಲವು ದಿನ ಅದು ಬೈಲೂರು. ಹಾಗೆ ಹೇಳಿದ್ದಕ್ಕೆ ನನಗೆ ಬೇಸರ ಇಲ್ಲ, ಉಡುಪಿ. ನಾಳೆಯೂ ಹೇಳುತ್ತೇನೆ, ಉಡುಪಿ.’

ನಾಲ್ಕನೇ ದಿನ ಉತ್ತರ ಬಂತು: ‘ಮಣಿಪಾಲ.’ ಕೆಳಗೆ ಬೇರೆ ಶಾಯಿಯಲ್ಲಿ, ಅವಳ ತಂದೆಯ ಕೈಬರಹದಲ್ಲಿ, ಒಂದು ಸಾಲು: ‘ನಮ್ಮ ಅಂಗಡಿಗೆ ಬರುವವರೆಲ್ಲ ಕೇಳುತ್ತಿದ್ದಾರೆ. ಗೊರಕೆ ಈಗ ಎಲ್ಲಿಗೆ ಮುಟ್ಟಿತು?’

೬. ಇಳಿಜಾರು

ವಿಜಯದಶಮಿಯ ದಿನ ಎಲ್ಲರೂ ಕಡಿಯಾಳಿಯ ಮನೆಯಲ್ಲಿ ಸೇರಿದರು. ಹುಡುಗಿ, ಅವಳ ತಂದೆ, ತಾಯಿ, ಮಾಸ್ಟ್ರು, ಅಮ್ಮ, ಬಾಗಿಲ ಮೂಲೆಯಲ್ಲಿ ನಾನು. ಸಂಜೆಯೊಳಗೆ ಬೊಂಬಾಯಿಗೆ ತಂತಿ ಕೊಡಬೇಕು. ಹೌದು ಎಂದೋ ಇಲ್ಲ ಎಂದೋ, ಅದು ಇಲ್ಲಿನ ಮಾತಿನ ಮೇಲೆ.

ಮಾಸ್ಟ್ರು ಗಂಟಲು ಸರಿಮಾಡಿಕೊಂಡು ಕೇಳಿದರು: “ಹೇಳು ಮಗಳೇ. ಎಲ್ಲಿಗೆ ಬಂತು?”

“ಮಣಿಪಾಲ” ಎಂದಳು.

“ಅಲ್ಲಿಗೆ ಬಂದದ್ದು ಗೊತ್ತುಂಟು. ಇನ್ನೊಂದು ಸ್ಟಾಪು ಅಲ್ವಾ? ಹೇಳಿಬಿಡು.”

“ಉಡುಪಿ ಎಂದರೆ ಸುಳ್ಳಾಗುತ್ತದೆ ಮಾವ. ಒಬ್ಬರ ಜೊತೆ ಬದುಕದೆ ಅವರನ್ನು ಪೂರ್ತಿ ಗೊತ್ತು ಎಂದು ಹೇಳುವುದು ಹೇಗೆ? ಮಣಿಪಾಲ ನಿಜ. ಅದಕ್ಕಿಂತ ಒಂದು ಹೆಜ್ಜೆ ಹೆಚ್ಚು ಹೇಳಿದರೆ ನೀವು ಕಲಿಸಿದ್ದೇ ದಂಡ.”

ಮಾಸ್ಟ್ರ ಮುಖ ನೋಡಬೇಕಿತ್ತು. ಒಂದು ಕಣ್ಣಿನಲ್ಲಿ ಹೆಮ್ಮೆ, ಇನ್ನೊಂದರಲ್ಲಿ ಸಂಕಟ. ಅವರ ಭಾಷೆಯನ್ನು ಒಬ್ಬಳು ಇಷ್ಟು ಚೆನ್ನಾಗಿ ಕಲಿತಿದ್ದಳು. ಅವರ ನಿಯಮದ ಪ್ರಕಾರವೇ ಈ ಸಂಬಂಧ ಮುರಿಯುವುದರಲ್ಲಿತ್ತು. “ಉಡುಪಿಗಿಂತ ಕಡಿಮೆ ನಾನು ಒಪ್ಪುವುದಿಲ್ಲ ಎಂದು ಹೇಳಿದ್ದೇನೆ” ಎಂದರು ಸಣ್ಣ ಧ್ವನಿಯಲ್ಲಿ. ಭಾವ ಗಡಿಯಾರ ನೋಡಿದರು. ನಾನು ನೆಲ ನೋಡಿದೆ.

ಆಗ ಹುಡುಗಿಯ ತಾಯಿ, ಆ ತನಕ ಸುಮ್ಮನಿದ್ದವರು, ಬಾಯಿ ಬಿಟ್ಟರು. “ತಮ್ಮಾ, 'ಮೌನ ಯಾವ ಸ್ಟಾಪು' ಅಂತ ಇಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದೀಯಂತೆ. ನನ್ನನ್ನೇ ಕೇಳಬಹುದಿತ್ತಲ್ಲ? ಆ ದಿನ ನಾನು ಕಾಪು. ಗೊತ್ತಿರಲಿಲ್ಲ, ಅಷ್ಟೇ.”

ಮಾಸ್ಟ್ರು ಅಕ್ಕನನ್ನೇ ನೋಡಿದರು.

“ಮತ್ತೆ ಈಗ?” ಎಂದು ಭಾವ ಮೆಲ್ಲಗೆ ಕೇಳಿದರು.

“ಮಕ್ಕಳ ಎದುರು ಕೇಳುವ ಪ್ರಶ್ನೆಯಾ ಅದು?” ಎಂದು ಅವರು ಸೆರಗು ಸರಿಮಾಡಿಕೊಂಡರು. ಭಾವ ಆಮೇಲೆ ಗಡಿಯಾರ ನೋಡಲಿಲ್ಲ.

ಆದರೂ ನನ್ನ ವಿಷಯ ಮಣಿಪಾಲದಲ್ಲೇ ನಿಂತಿತ್ತು. ಅಮ್ಮ ಗೋಡೆಗೆ ಒರಗಿ, ಮಂಜು ಕಣ್ಣಿನಲ್ಲಿ ಒಬ್ಬೊಬ್ಬರ ಕಡೆ ತಿರುಗಿ, ಕೊನೆಗೆ ಮಗನಿಗೆ ಹೇಳಿದರು:

“ನೀನು ಇಷ್ಟು ಓದಿದವನು. ಪ್ರತಿ ಶನಿವಾರ ಹೋಗಿ ಬರುತ್ತೀ. ಮಣಿಪಾಲದಿಂದ ಉಡುಪಿಗೆ ಇಳಿಜಾರು ಅಲ್ವಾ ಮಗಾ? ಇಂಜಿನ್ ಬಂದ್ ಮಾಡಿದರೂ ಬಸ್ಸು ತನ್ನಷ್ಟಕ್ಕೇ ಬಂದು ಮುಟ್ಟುತ್ತದೆ. ಸುಮ್ಮನೆ ಹತ್ತಿಸಿ ಬಿಡು.”

ಮಾಸ್ಟ್ರು ತಾಯಿಯನ್ನು ನೋಡಿದರು, ಸೊಸೆಯನ್ನು ನೋಡಿದರು. ಎದ್ದು ಒಳಗೆ ಹೋಗಿ ನಾಲ್ಕನೆಯ ನೋಟುಬುಕ್ಕು ತಂದು ಏನೋ ಬರೆದುಕೊಂಡರು. ಆಮೇಲೆ ತಂತಿ ಆಫೀಸಿಗೆ ಹೋದವರೂ ಅವರೇ. ಅಲ್ಲಿ ಮಾತ್ರ ಯಾವ ಬಾಲವನ್ನೂ ಸೇರಿಸದೆ ‘ಕ್ಷಮಿಸಿ, ಇಲ್ಲ’ ಎಂದು ಬರೆದು ಕೊಟ್ಟರು. ಉಡುಪಿಯಲ್ಲಿ ಒಬ್ಬರು ನೇರವಾಗಿ ‘ಇಲ್ಲ’ ಎಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಇದೆಲ್ಲ ಆಗಿ ಹತ್ತು ವರ್ಷ ಕಳೆಯಿತು. ಅಮ್ಮನ ವಿಷಯದಲ್ಲಿ ‘ಇಲ್ಲ’ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಅವರ ಅಕ್ಕಿಯ ಹಾಗೆ, ಕಾರ್ಕಳಕ್ಕೆ ಹೋಗಿದ್ದಾರೆ ಎಂದು ಬರೆಯುತ್ತೇನೆ. ಮಾಸ್ಟ್ರು ಈಗ ಐದನೆಯ ನೋಟುಬುಕ್ಕಿನಲ್ಲಿದ್ದಾರೆ.

ನಾನು ಪ್ರತಿ ವರ್ಷ ವಿಜಯದಶಮಿಯ ದಿನ ಹೆಂಡತಿಯನ್ನು ಕೇಳುತ್ತೇನೆ: “ಈಗ ಎಲ್ಲಿಗೆ ಮುಟ್ಟಿತು?” ಕಳೆದ ವರ್ಷದವರೆಗೂ ಇಂದ್ರಾಳಿ ಎನ್ನುತ್ತಿದ್ದಳು. ಮಣಿಪಾಲದಿಂದ ಇಳಿದು ಬರುವಾಗ ಮೊದಲು ಸಿಗುವುದು ಇಂದ್ರಾಳಿ, ಆಮೇಲೆ ನಮ್ಮ ಕಡಿಯಾಳಿ, ಆಮೇಲೆ ಉಡುಪಿ. ಈ ವರ್ಷ ಕೇಳಿದಾಗ, ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, “ಕಡಿಯಾಳಿ” ಎಂದಳು.

“ಇನ್ನು ಒಂದು ಮೈಲೂ ಇಲ್ಲ! ಹತ್ತು ವರ್ಷ ಆಯಿತಲ್ಲ, ಇನ್ನೂ ಎಷ್ಟು ಹೊತ್ತು ಮಾರಾಯ್ತಿ?”

“ನಿಮಗೆ ಎಂತ ಅವಸರ?” ಎಂದಳು. “ಸೀಟು ಸಿಕ್ಕಿದೆಯಲ್ಲ. ಕುಳಿತುಕೊಳ್ಳಿ.”